ಬಿ.ಕಾಂ. ಜೊತೆಗೆ ಹೆಗ್ಗೋಡಿನ ಒಂದು ವರ್ಷ: 13 ವರ್ಷ ಬಳಸಿ ನೋಡಿದ ಮೇಲೆ

ಅಕ್ಕನ ಮಗಳಿಗೆ ಸೆಕೆಂಡ್ ಪಿಯುಸಿ ಕಾಮರ್ಸಿನಲ್ಲಿ 91 ಪರ್ಸೆಂಟ್ ಬಂತು. ರಿಸಲ್ಟ್ ಬಂದ ಸಂಜೆಯೇ ಭಾವ ಫೋನ್ ಮಾಡಿದರು. "ನೋಡಮ್ಮಾ, ಇವಳು ನಾಟಕದ ಡೈರೆಕ್ಟರ್ ಆಗ್ತಾಳಂತೆ. ನಿನ್ನಿಂದ ಅಂಟಿದ ರೋಗ ಇದು. ಯಾವ ಡಿಗ್ರಿಗೆ ಸೇರಿಸಬೇಕು ಅಂತ ನೀನೇ ಹೇಳು." ಸಿಟ್ಟೋ ತಮಾಷೆಯೋ ತಿಳಿಯಲಿಲ್ಲ. ಎರಡು ದಿನ ಟೈಮ್ ಕೇಳಿದೆ.

ಆ ಎರಡು ದಿನದಲ್ಲಿ ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮಿಕ್ಸಿಗೆ, ಕುಕ್ಕರಿಗೆ, ಹೋಟೆಲಿನ ಮಸಾಲೆ ದೋಸೆಗೆ ರಿವ್ಯೂ ಸಿಗುತ್ತದೆ. ಮೂರು ವರ್ಷ ಮತ್ತು ಅಪ್ಪನ ದುಡ್ಡು ನುಂಗುವ ಡಿಗ್ರಿಗೆ, ಅದನ್ನು ನಿಜವಾಗಿ ಬಳಸಿದವರು ಬರೆದ ರಿವ್ಯೂ ಸಿಗುವುದಿಲ್ಲ. ಕಾಲೇಜಿನವರು ಬರೆದ ಜಾಹೀರಾತು ಸಿಗುತ್ತದೆ, ಅಷ್ಟೇ.

ಮೊದಲು ನಾನು ಯಾರು ಅಂತ ಹೇಳಿಬಿಡುತ್ತೇನೆ. ನಮ್ಮದು ತಿಪಟೂರು. ಅಪ್ಪನದು ಕೊಬ್ಬರಿ ಮಂಡಿ. 2010ರಲ್ಲಿ ಬಿ.ಕಾಂ. ಮುಗಿಸಿದೆ. ಒಂದು ವರ್ಷ ಮಂಡಿಯಲ್ಲಿ ಲೆಕ್ಕ ಬರೆದೆ. 2011ರಲ್ಲಿ ಹೆಗ್ಗೋಡಿನ ನೀನಾಸಂ ರಂಗಶಿಕ್ಷಣ ಕೇಂದ್ರಕ್ಕೆ ಸೇರಿ ಒಂದು ವರ್ಷದ ಡಿಪ್ಲೊಮಾ ಮಾಡಿದೆ. ಆಮೇಲಿಂದ ನಾಟಕ ನಿರ್ದೇಶನವೇ ನನ್ನ ಕೆಲಸ. ದೊಡ್ಡ ಹೆಸರೇನಲ್ಲ. ವರ್ಷಕ್ಕೆ ಎರಡೋ ಮೂರೋ ನಾಟಕ, ಬೇಸಿಗೆಯಲ್ಲಿ ಮಕ್ಕಳ ಶಿಬಿರ, ಮಿಕ್ಕ ತಿಂಗಳಲ್ಲಿ ಕಾಲೇಜುಗಳ ಕರೆ.

ಬಿ.ಕಾಂ. ನಾನು ಆಸೆಪಟ್ಟು ತಗೊಂಡಿದ್ದಲ್ಲ. ಮನೆಗೆ ಲೆಕ್ಕ ಬರೆಯುವವರು ಬೇಕಿತ್ತು, ತಗೊಂಡೆ. ಮೂರೂ ವರ್ಷ ಕ್ಲಾಸಿನಲ್ಲಿ ಕೂತು ಆಕಳಿಸಿದ್ದೇ ಜಾಸ್ತಿ. ಕಾಸ್ಟಿಂಗ್ ಪೇಪರ್ ಒಂದನ್ನು ಎರಡು ಸಲ ಬರೆದು ಪಾಸಾದೆ. ಆವಾಗ ಕೇಳಿದ್ದರೆ ಒಂದು ಸ್ಟಾರ್ ಕೊಡುತ್ತಿದ್ದೆ. ಈಗ ನಾಲ್ಕು. ಯಾಕೆ ಅಂತ ಹೇಳಲು ಒಂದು ಲಾಟೀನಿನ ಕಥೆ ಹೇಳಬೇಕು.

ಹೆಗ್ಗೋಡಿನಲ್ಲಿ ಮೊದಲ ನಾಟಕಕ್ಕೆ ನನಗೆ ಪಾತ್ರ ಸಿಗಲಿಲ್ಲ. ಪರಿಕರದ ಉಸ್ತುವಾರಿ ಕೊಟ್ಟರು. ಕತ್ತಿ, ತಂಬಿಗೆ, ಓಲೆ, ಲಾಟೀನು, ಯಾರ ಕೈಲಿ ಯಾವಾಗ ಇರಬೇಕು ಅಂತ ನೋಡುವ ಕೆಲಸ. ಮಂಡಿಯಿಂದ ತಂದಿದ್ದ ಕೆಂಪು ಬಟ್ಟೆ ರಟ್ಟಿನ ಖಾತೆ ಪುಸ್ತಕ ಒಂದು ಟ್ರಂಕಿನಲ್ಲಿತ್ತು. ಬೇರೆ ನೋಟ್‌ಬುಕ್ ಕೊಳ್ಳಲು ಸಾಗರಕ್ಕೆ ಹೋಗಬೇಕು, ಹೊರಗೆ ಜಡಿಮಳೆ. ಅದರಲ್ಲೇ ಬರೆಯಲು ಶುರು ಮಾಡಿದೆ. ಒಂದು ದೃಶ್ಯಕ್ಕೆ ಒಂದು ಪುಟ. ರಂಗದ ಮೇಲೆ ಬಂದವರು, ಬಂದ ಸಾಮಾನು ಎಡಗಡೆ, ಜಮಾ. ಹೋದವರು, ಹೋದ ಸಾಮಾನು ಬಲಗಡೆ, ಖರ್ಚು. ಪುಟದ ಕೆಳಗೆ ಶಿಲ್ಕು, ಅಂದರೆ ಕೊನೆಗೆ ಉಳಿದದ್ದು. ಆ ಶಿಲ್ಕನ್ನು ಮುಂದಿನ ಪುಟದ ತಲೆಗೆ ತಂದು ಬರೆಯಬೇಕು, ಅಪ್ಪ ಕಲಿಸಿದ ಹಾಗೆ.

ಮೂರನೇ ದೃಶ್ಯದ ಪುಟ ಟ್ಯಾಲಿ ಆಗಲಿಲ್ಲ. ಕಾವಲುಗಾರ ಲಾಟೀನು ಹಿಡಿದು ಬರುತ್ತಾನೆ, ಜಮಾ ಒಂದು. ನೆಲದ ಮೇಲಿಟ್ಟು ಮಾತಾಡುತ್ತಾನೆ. ರಾಣಿ ಕರೆದಳು ಅಂತ ಓಡುತ್ತಾನೆ. ಲಾಟೀನು ಅಲ್ಲೇ. ಯಾರೂ ಒಯ್ಯುವುದಿಲ್ಲ. ಶಿಲ್ಕು ಒಂದು. ನಾಲ್ಕನೇ ದೃಶ್ಯ ನಟ್ಟನಡು ಕಾಡು. ತಾಲೀಮಿನಲ್ಲಿ ಇದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಯಾಕೆಂದರೆ ತಾಲೀಮಿನಲ್ಲಿ ಲಾಟೀನೇ ಇರಲಿಲ್ಲ, ನಟ ಸುಮ್ನೆ ಖಾಲಿ ಕೈ ಎತ್ತಿ ಹಿಡಿಯುತ್ತಿದ್ದ.

ಹೊರಗಿನಿಂದ ಬಂದಿದ್ದ ನಿರ್ದೇಶಕರಿಗೆ ಪುಸ್ತಕ ತೋರಿಸಿದೆ. "ಸಾರ್, ಕಾಡಿನಲ್ಲಿ ಒಂದು ಲಾಟೀನು ಉಳಿಯುತ್ತೆ." ಅವರು ಪುಟವನ್ನು ಸ್ವಲ್ಪ ಹೊತ್ತು ನೋಡಿದರು. ನಕ್ಕರು. ಯಾರನ್ನಾದರೂ ಕಳಿಸಿ ಎತ್ತಿಸಿಬಿಡುತ್ತಾರೆ ಅಂದುಕೊಂಡಿದ್ದೆ. ಅವರು ಹಾಗೆ ಮಾಡಲಿಲ್ಲ. ಕಾವಲುಗಾರನನ್ನೇ ವಾಪಸ್ ಕರೆಸಿದರು. ಅವನು ಮರೆತ ಲಾಟೀನು ತಗೊಳ್ಳಲು ಬರುತ್ತಾನೆ, ಬಗ್ಗುತ್ತಾನೆ, ಬಗ್ಗಿದವನಿಗೆ ಆಚೆ ಬದಿಯಲ್ಲಿ ಇಬ್ಬರು ಪಿಸುಗುಡುವುದು ಕೇಳಿಸುತ್ತದೆ. ಮಾತಿಲ್ಲ. ದೀಪದ ಬತ್ತಿ ಇಳಿಸುತ್ತಾನೆ, ಅಷ್ಟೇ. ಬೆಳಕು ಇಳಿದ ಹಾಗೆ ದೃಶ್ಯ ಬದಲು. ಒಂದು ಸಾಲು ಸಂಭಾಷಣೆ ಸೇರಿಸದೆ, ಆಮೇಲೆ ಅವನು ಸಾಕ್ಷಿ ಹೇಳುವುದಕ್ಕೆ ಅರ್ಥ ಬಂತು. ಪ್ರದರ್ಶನದ ದಿನ ಆ ಜಾಗದಲ್ಲಿ ಇಡೀ ಹಾಲ್ ಉಸಿರು ಬಿಗಿಹಿಡಿದು ಕೂತಿತ್ತು.

ನಿರ್ದೇಶನ ಅಂದರೆ ಏನು ಅಂತ ನನಗೆ ಹತ್ತಿರದಿಂದ ಕಂಡಿದ್ದು ಅವತ್ತು. ಪುಸ್ತಕವನ್ನು ಈಗಲೂ ಹಾಗೇ ಬರೆಯುತ್ತೇನೆ. 14 ಖಾತೆ ಪುಸ್ತಕ ಆಗಿವೆ. ಬಿ.ಕಾಂ.ಗೆ ಸಿಕ್ಕ ನಾಲ್ಕು ಸ್ಟಾರಿನಲ್ಲಿ ಎರಡು ಇದಕ್ಕೆ. ಇನ್ನೆರಡು ಬಜೆಟ್ಟಿಗೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಹೆಗ್ಗೋಡು. ಗೊತ್ತಿಲ್ಲದವರಿಗೆ: ಶಿವಮೊಗ್ಗ ಜಿಲ್ಲೆ, ಸಾಗರದ ಹತ್ತಿರದ ಸಣ್ಣ ಊರು. ಸುತ್ತ ಅಡಿಕೆ ತೋಟ. ನೀನಾಸಂ ಶುರುವಾಗಿದ್ದು 1949ರಲ್ಲಿ, ಊರಿನವರ ನಾಟಕ ತಂಡವಾಗಿ. ಕೆ.ವಿ. ಸುಬ್ಬಣ್ಣನವರು ಅದನ್ನು ಬೆಳೆಸಿದರು, 1991ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂತು. ರಂಗಶಿಕ್ಷಣ ಕೇಂದ್ರ 1980ರಿಂದ, ಊರೂರು ಸುತ್ತುವ ತಿರುಗಾಟ 1985ರಿಂದ ಇದೆ.

ಅಲ್ಲಿ ಏನು ಸಿಗುತ್ತದೆ? ಬೆಳಿಗ್ಗೆ ಬೇಗ ಎದ್ದು ಮೈ ಬಗ್ಗಿಸುವುದರಿಂದ ದಿನ ಶುರು. ಆಮೇಲೆ ಪಾಠ, ಮಧ್ಯಾಹ್ನದಿಂದ ತಾಲೀಮು, ರಾತ್ರಿವರೆಗೂ. ಆಳು ಅಂತ ಯಾರೂ ಇಲ್ಲ. ರಂಗ ಗುಡಿಸುವುದು, ಸೆಟ್ಟಿಗೆ ಮೊಳೆ ಹೊಡೆಯುವುದು, ಬಟ್ಟೆ ಇಸ್ತ್ರಿ ಮಾಡುವುದು ಎಲ್ಲ ನಾವೇ. ಲೈಟಿಗೆ ಹಾಕುವ ಬಣ್ಣದ ಹಾಳೆ (ಜೆಲ್) ಕತ್ತರಿಸುವಾಗ ಬೆರಳು ಕುಯ್ದುಕೊಂಡ ಗುರುತು ಇನ್ನೂ ಇದೆ. ನಮ್ಮ ಬ್ಯಾಚಿನಲ್ಲಿ ಡಿಗ್ರಿ ಆದವರಿದ್ದರು, ಪಿಯುಸಿಗೆ ನಿಲ್ಲಿಸಿದವರಿದ್ದರು, ಯಕ್ಷಗಾನದ ಮೇಳದಿಂದ ಬಂದವನೊಬ್ಬನಿದ್ದ. ಪೊರಕೆ ಹಿಡಿಯುವಾಗ ಎಲ್ಲರೂ ಒಂದೇ. ಅಕ್ಟೋಬರಿನ ಸಂಸ್ಕೃತಿ ಶಿಬಿರದ ಹೊತ್ತಿಗೆ, ಪುಸ್ತಕದಲ್ಲಷ್ಟೇ ಹೆಸರು ನೋಡಿದ್ದ ಲೇಖಕರ ಮಾತು ಕೇಳಿ, ಅವರ ಜೊತೆ ಊಟದ ಸಾಲಿನಲ್ಲಿ ನಿಂತೆ.

ಒಂದು ವಿಷಯ ಸ್ಪಷ್ಟ ಮಾಡಬೇಕು. ಇದು ನಿರ್ದೇಶನದ ಕೋರ್ಸಲ್ಲ. ರಂಗಭೂಮಿಯ ಎಲ್ಲವನ್ನೂ ಒಂದು ವರ್ಷದಲ್ಲಿ ಮುಟ್ಟಿಸುವ ಕೋರ್ಸು. ನಿರ್ದೇಶನ ಕಲಿಯಬೇಕು ಅಂದರೆ, ಒಂದಾದ ಮೇಲೊಂದು ಬರುವ ಬೇರೆ ಬೇರೆ ನಿರ್ದೇಶಕರು ಹೇಗೆ ಕೆಲಸ ಮಾಡುತ್ತಾರೆ ಅಂತ ಕಳ್ಳನ ಹಾಗೆ ನೋಡಬೇಕು. ಒಬ್ಬರು ಮೊದಲ ವಾರವಿಡೀ ಕೂತು ಓದಿಸುತ್ತಾರೆ. ಇನ್ನೊಬ್ಬರು ಮೊದಲ ದಿನವೇ ಎದ್ದು ನಿಲ್ಲಿಸಿ ಬ್ಲಾಕಿಂಗ್, ಅಂದರೆ ಯಾರು ಎಲ್ಲಿ ನಿಲ್ಲಬೇಕು, ಎಲ್ಲಿಗೆ ನಡೆಯಬೇಕು ಅಂತ ಗೊತ್ತು ಮಾಡುತ್ತಾರೆ. ಮತ್ತೊಬ್ಬರು ಮಾತೇ ಬಿಡಿಸಿ ಆಟ ಆಡಿಸುತ್ತಾರೆ. ನನಗೆ ಯಾವುದು ಒಗ್ಗುತ್ತದೆ ಅಂತ ತಿಳಿಯಲು ಅಷ್ಟು ಜನರನ್ನು ನೋಡಬೇಕಿತ್ತು. ನನ್ನ ಮಟ್ಟಿಗೆ ಐದಕ್ಕೆ ಐದು. ಆದರೆ 18 ವರ್ಷದವರಿಗೆ ಕಣ್ಣು ಮುಚ್ಚಿ ಹೇಳಲಾರೆ. ನಾನು 22ಕ್ಕೆ ಹೋದೆ, ಒಂದು ವರ್ಷ ಮಂಡಿಯಲ್ಲಿ ಹರಾಜು, ಜಗಳ, ಸಾಲ, ಸುಳ್ಳು ಎಲ್ಲ ನೋಡಿ ಹೋದೆ. ನಾಟಕದಲ್ಲಿ ವ್ಯಾಪಾರಿಯ ಪಾತ್ರ ಬಂದಾಗ ನಟನಿಗೆ ಏನು ಹೇಳಬೇಕು ಅಂತ ನನಗೆ ಗೊತ್ತಿತ್ತು.

ಇನ್ನೊಂದು ಕೋರ್ಸಿನ ಬಗ್ಗೆ ಹೇಳಲೇಬೇಕು, ಹೆಸರು ಹೇಳುವುದಿಲ್ಲ. 2015ರಲ್ಲಿ, ಬೆಂಗಳೂರಿನಲ್ಲಿ. "ಆರು ತಿಂಗಳಲ್ಲಿ ವೃತ್ತಿಪರ ನಿರ್ದೇಶಕರಾಗಿ", ಶನಿವಾರ ಭಾನುವಾರ ಕ್ಲಾಸು, ಫೀಸು 45,000. ಹೆಗ್ಗೋಡಿನಲ್ಲಿ ನಿರ್ದೇಶನ ಅಂತಲೇ ಬೇರೆ ಪಾಠ ಇರಲಿಲ್ಲವಲ್ಲ, ಆ ಕೊರತೆ ತುಂಬಿಕೊಳ್ಳೋಣ ಅಂತ ಸೇರಿದೆ. ತಿಪಟೂರಿನಿಂದ ಶನಿವಾರ ಬೆಳಿಗ್ಗೆ ರೈಲು ಹತ್ತಿ ಬರುತ್ತಿದ್ದೆ. ಏಸಿ ರೂಮು, ಗೋಡೆಗೆ ಪ್ರೊಜೆಕ್ಟರ್. ಯುರೋಪಿನ ನಿರ್ದೇಶಕರ ಫೋಟೋ, ಕೆಳಗೆ ನಾಲ್ಕು ಪಾಯಿಂಟು. ಮೂರನೇ ತಿಂಗಳಲ್ಲಿ ಕೈ ಎತ್ತಿ ಕೇಳಿದೆ, "ನಮಗೆ ನಿರ್ದೇಶನ ಮಾಡೋಕೆ ನಟರು ಯಾವಾಗ ಸಿಗ್ತಾರೆ?" "ನಿಮ್ಮ ನಟರನ್ನು ನೀವೇ ಕರ್ಕೊಂಡು ಬನ್ನಿ, ಹಾಲ್ ಬಾಡಿಗೆ ಬೇರೆ" ಅಂದರು. ಕೊನೆಗೆ ದಪ್ಪ ಕಾಗದದ ಸರ್ಟಿಫಿಕೇಟ್ ಕೊಟ್ಟರು. ಇವತ್ತಿನವರೆಗೆ ಯಾರೂ ಅದನ್ನು ತೋರಿಸು ಅಂದಿಲ್ಲ. ಅರ್ಧ ಸ್ಟಾರ್. ಅದೂ ಅಲ್ಲಿ ಸಿಕ್ಕ ಒಬ್ಬ ಗೆಳತಿಗೋಸ್ಕರ, ಈಗ ನನ್ನ ನಾಟಕಗಳಿಗೆ ಲೈಟ್ ಮಾಡುವವಳು ಅವಳೇ.

ಅದಕ್ಕೇ ಅಕ್ಕನ ಮಗಳಿಗೆ ಹೇಳಿದ ಮೊದಲ ಮಾತು ಇದು: ಯಾವ ಕಾಲೇಜಿನವರನ್ನಾದರೂ ಎರಡು ಪ್ರಶ್ನೆ ಕೇಳು. ಕೋರ್ಸು ಮುಗಿಯುವುದರೊಳಗೆ ನಾನು ಎಷ್ಟು ನಾಟಕ ನಿರ್ದೇಶನ ಮಾಡುತ್ತೇನೆ? ಅದಕ್ಕೆ ನಟರು, ಜಾಗ, ದೀಪ ಯಾರದ್ದು? ಉತ್ತರ ಸುತ್ತಿ ಬಳಸಿ ಬಂದರೆ ಎದ್ದು ಬಾ.

ಭಾವನ ತಲೆಯಲ್ಲಿದ್ದಿದ್ದು ದೆಹಲಿ. "ಎನ್‌ಎಸ್‌ಡಿ ಅಂತ ಒಂದಿದೆಯಂತಲ್ಲ, ನೇರ ಅಲ್ಲಿಗೇ ಕಳಿಸಿದರೆ?" ನೇರ ಹೋಗಲು ಆಗುವುದಿಲ್ಲ. ರಾಷ್ಟ್ರೀಯ ನಾಟಕ ಶಾಲೆಯದು ಮೂರು ವರ್ಷದ ಡಿಪ್ಲೊಮಾ, ಅದಕ್ಕೆ ಸೇರಲು ಮೊದಲು ಒಂದು ಡಿಗ್ರಿ ಆಗಿರಬೇಕು. ಯಾವ ವಿಷಯದ ಡಿಗ್ರಿ ಆದರೂ ನಡೆಯುತ್ತದೆ. ಜೊತೆಗೆ ಇಂತಿಷ್ಟು ನಾಟಕಗಳಲ್ಲಿ ಕೆಲಸ ಮಾಡಿದ ದಾಖಲೆ ಕೇಳುತ್ತಾರೆ, ಹಿಂದಿ ಇಂಗ್ಲಿಷ್ ತಿಳಿದಿರಬೇಕು, ವಯಸ್ಸಿನ ಮಿತಿ ಇದೆ. ಮೊದಲ ವರ್ಷ ಎಲ್ಲರಿಗೂ ಒಂದೇ ಪಾಠ. ಆಮೇಲೆ ಅಭಿನಯ ಒಂದು ಕಡೆ, ವಿನ್ಯಾಸ ಮತ್ತು ನಿರ್ದೇಶನ ಇನ್ನೊಂದು ಕಡೆ. ಅಂದರೆ ನಿರ್ದೇಶನವನ್ನೇ ಆರಿಸಿಕೊಂಡು, ಶಾಲೆಯ ಖರ್ಚಿನಲ್ಲಿ ಕಲಿಯುವ ಅವಕಾಶ ಅಲ್ಲಿದೆ. ವಿದ್ಯಾರ್ಥಿವೇತನವೂ ಉಂಟು. ಆ ಡಿಪ್ಲೊಮಾವನ್ನು ಪಾಠ ಹೇಳುವ ಕೆಲಸಕ್ಕೆ ಎಂ.ಎ.ಗೆ ಸಮ ಅಂತ ಭಾರತೀಯ ವಿಶ್ವವಿದ್ಯಾಲಯಗಳ ಒಕ್ಕೂಟ ಒಪ್ಪಿದೆ. ಈ ಒಂದು ವಾಕ್ಯ ಕೇಳಿದ ಕೂಡಲೇ ಭಾವನ ದನಿ ಮೆತ್ತಗಾಯಿತು.

ನಾನೂ ಒಂದು ಸಲ ಅರ್ಜಿ ಹಾಕಿದ್ದೆ. ಮೊದಲ ಸುತ್ತಿನಲ್ಲೇ ವಾಪಸ್. ಯಾರದ್ದೂ ತಪ್ಪಲ್ಲ, ನನ್ನ ಹಿಂದಿ ಹಾಗಿತ್ತು. ಕನ್ನಡದ ಒಂದು ಸ್ವಗತವನ್ನು ರಾತ್ರೋರಾತ್ರಿ ಹಿಂದಿಗೆ ಬಾಯಿಪಾಠ ಮಾಡಿ ಹೋದರೆ ಇನ್ನೇನಾಗುತ್ತದೆ? ಇವಳಿಗೆ ಈಗಿನಿಂದಲೇ ಹಿಂದಿ ನಾಟಕ ಓದು ಅಂದಿದ್ದೇನೆ.

ಕನ್ನಡದ ರಂಗಭೂಮಿ ಆ ಶಾಲೆಯಿಂದ ಪಡೆದದ್ದು ಸಣ್ಣದೇನಲ್ಲ. ಬಿ.ವಿ. ಕಾರಂತರು ಅಲ್ಲೇ ಕಲಿತು, ಮುಂದೆ ಆ ಶಾಲೆಗೇ ಮುಖ್ಯಸ್ಥರಾಗಿ ಹೋದರು. 1989ರಲ್ಲಿ ಮೈಸೂರಿನ ರಂಗಾಯಣ ಅನ್ನುವ ನಾಟಕ ಸಂಸ್ಥೆ ಕಟ್ಟಿದವರೂ ಅವರೇ. ಆದರೆ ಅವರ ದಾರಿ ನೋಡಿ: ಹುಡುಗನಾಗಿದ್ದಾಗ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದರು. ಆಮೇಲೆ ಬನಾರಸ್‌ನಲ್ಲಿ ಹಿಂದಿ ಎಂ.ಎ. ಅದಾದ ಮೇಲೆ ನಾಟಕ ಶಾಲೆ. ನಾಟಕ ನಿರ್ದೇಶಕ ಪ್ರಸನ್ನ ಅವರು ಕಾನ್ಪುರದ ಐಐಟಿ ಬಿಟ್ಟು ಅಲ್ಲಿಗೆ ಹೋದವರು. ಬಿ. ಜಯಶ್ರೀ ಗುಬ್ಬಿ ವೀರಣ್ಣನವರ ಮೊಮ್ಮಗಳು, ಕಂಪನಿಯ ರಂಗದ ಮೇಲೆ ಬೆಳೆದೂ ಎನ್‌ಎಸ್‌ಡಿಗೆ ಹೋಗಿ ಕಲಿತರು. ಇನ್ನು ಸಿ.ಜಿ. ಕೃಷ್ಣಸ್ವಾಮಿ, ಎಲ್ಲರ ಸಿಜಿಕೆ, ಅರ್ಥಶಾಸ್ತ್ರದ ಮೇಷ್ಟ್ರು. ಪಾಠ ಹೇಳುತ್ತಲೇ ಬೆಂಗಳೂರಿನ ರಂಗಭೂಮಿಯನ್ನು ಎಬ್ಬಿಸಿ ಕೂರಿಸಿದರು. ಹಿಂದಿ, ಐಐಟಿ, ಅರ್ಥಶಾಸ್ತ್ರ, ಕಂಪನಿ ನಾಟಕ. ಇದರಲ್ಲಿ ಯಾವುದು ನಿರ್ದೇಶಕರ ಡಿಗ್ರಿ ಅಂತ ಭಾವನನ್ನು ಕೇಳಿದೆ. "ಅವರೆಲ್ಲ ದೊಡ್ಡವರಮ್ಮ" ಅಂದರು. ನಿಜವೇ, ಅದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ.

ಹತ್ತಿರದಲ್ಲಿ ಬೇರೆ ಬಾಗಿಲುಗಳೂ ಇವೆ, ನಾನು ಒಳಗೆ ಹೋಗಿ ನೋಡಿಲ್ಲ, ಆದ್ದರಿಂದ ಸ್ಟಾರ್ ಇಲ್ಲ. ರಂಗಾಯಣದ ಭಾರತೀಯ ರಂಗ ಶಿಕ್ಷಣ ಕೇಂದ್ರ, ಹೊಸದುರ್ಗ ತಾಲೂಕಿನ ಸಾಣೇಹಳ್ಳಿಯ ಶಿವಕುಮಾರ ರಂಗಪ್ರಯೋಗ ಶಾಲೆ, ಬೆಂಗಳೂರಿನ ಕಲಾಗ್ರಾಮದಲ್ಲಿ ಎನ್‌ಎಸ್‌ಡಿಯದೇ ಕೇಂದ್ರ. ಇವುಗಳಲ್ಲಿ ಕಲಿತವರ ಜೊತೆ ಕೆಲಸ ಮಾಡಿದ್ದೇನೆ. ಸಾಣೇಹಳ್ಳಿಯ ಹುಡುಗರಿಗೆ ಎಂಥಾ ಹಾಲ್ ಕೊಟ್ಟರೂ ಅರ್ಧ ಗಂಟೆಯಲ್ಲಿ ರಂಗ ಸಿದ್ಧ ಮಾಡುವುದು ಗೊತ್ತು, ಅಷ್ಟಂತೂ ಹೇಳಬಲ್ಲೆ.

ವಿಶ್ವವಿದ್ಯಾಲಯದ ನಾಟಕದ ಎಂ.ಎ. ಬಗ್ಗೆಯೂ ಕೇಳಿದರು. ಬೆಂಗಳೂರು ವಿಶ್ವವಿದ್ಯಾಲಯದಲ್ಲಿದೆ, ಮೈಸೂರಿನಲ್ಲಿ ಸಂಗೀತ ಮತ್ತು ಪ್ರದರ್ಶಕ ಕಲೆಗಳಿಗೇ ಅಂತ ಗಂಗೂಬಾಯಿ ಹಾನಗಲ್ ವಿಶ್ವವಿದ್ಯಾಲಯವೇ ಇದೆ. ಕಾಲೇಜಿನಲ್ಲಿ ಪಾಠ ಹೇಳುವ ಆಸೆ ಇದ್ದರೆ ಇದು ಸರಿಯಾದ ದಾರಿ. ಕಾಲೇಜು ಉಪನ್ಯಾಸಕರ ಅರ್ಹತೆಗೆ ನಡೆಸುವ ಯುಜಿಸಿ ನೆಟ್ ಪರೀಕ್ಷೆಯಲ್ಲಿ ನಾಟಕ, ರಂಗಭೂಮಿಗೂ ಒಂದು ವಿಷಯ ಉಂಟು. ನನಗೆ ಆ ಬಾಗಿಲು ಮುಚ್ಚಿದೆ. ಅತಿಥಿ ಉಪನ್ಯಾಸಕಿಯಾಗಿ ಒಂದು ಕಡೆ ಕರೆದರು. ಹೋದೆ. ಮಕ್ಕಳಿಗೆ ಇಷ್ಟವಾಯಿತು. ಆಫೀಸಿನವರು ಫೈಲ್ ತೆರೆದು, "ಮೇಡಂ, ಪಿಜಿ ಇಲ್ವಲ್ಲ" ಅಂದರು. ವಾಪಸ್ ಬಂದೆ. ಒಂದು ವರ್ಷದ ಡಿಪ್ಲೊಮಾಕ್ಕೆ ಸ್ಟಾರ್ ಕಡಿಮೆ ಮಾಡುವುದಾದರೆ ಇದೊಂದು ಕಾರಣಕ್ಕೆ. ಹೀಗಿದ್ದೂ ಸರ್ಕಾರಿ ಹೈಸ್ಕೂಲುಗಳಲ್ಲಿ ನಾಟಕದ ಮೇಷ್ಟ್ರಾಗಿರುವ ಡಿಪ್ಲೊಮಾದ ಗೆಳೆಯರು ನನಗಿದ್ದಾರೆ, ತಿಂಗಳ ಸಂಬಳ ಬರುತ್ತದೆ, ನನಗಿಂತ ಒಳ್ಳೆ ಚಪ್ಪಲಿ ಹಾಕುತ್ತಾರೆ.

ದುಡ್ಡಿನ ವಿಷಯ ಬಂತಲ್ಲ, ಹೇಳಿಬಿಡುತ್ತೇನೆ. ಹೋದ ವರ್ಷ ಮಾಡಿದ ನಾಟಕದ ಪುಟ ಮುಂದೆ ಇದೆ. ಸೆಟ್ 11,400. ಲೈಟ್ ಬಾಡಿಗೆ 9,000. ಟೆಂಪೋ 4,500. ತಾಲೀಮಿನ ಟೀ, ಬನ್ನು, ಕೊನೆಯ ಮೂರು ದಿನದ ಊಟ ಸೇರಿ 6,850. ವಸ್ತ್ರ 5,200. ಹಾಲ್, ಡೆಪಾಸಿಟ್ ಕಳೆದು 8,000. ನಿರ್ದೇಶಕಿ 0. ಒಟ್ಟು 44,950. ಟಿಕೆಟ್ಟಿನಿಂದ ಬಂದದ್ದು 31,200. ಮಿಕ್ಕಿದ್ದು ಬೇಸಿಗೆ ಶಿಬಿರದ ದುಡ್ಡಿನಿಂದ ಹೋಯಿತು. ನನ್ನ ಹೊಟ್ಟೆ ನಡೆಯುವುದು ಶಿಬಿರದಿಂದ, ಕಾಲೇಜು ನಾಟಕಗಳಿಂದ, ಒಂದೆರಡು ಕಂಪನಿಗಳಲ್ಲಿ ಕೆಲಸಗಾರರಿಗೆ ಮಾತು ಕಲಿಸುವುದರಿಂದ. ನಾಟಕದಿಂದ ಅಲ್ಲ. ಬಿ.ಕಾಂ.ನ ಇನ್ನೆರಡು ಸ್ಟಾರ್ ಇಲ್ಲಿಗೆ. ನನ್ನ ಜೊತೆ ಶುರು ಮಾಡಿದ ಎರಡು ತಂಡ ಮುಚ್ಚಿದವು. ನಾಟಕ ಚೆನ್ನಾಗಿರಲಿಲ್ಲ ಅಂತ ಅಲ್ಲ, ಯಾರು ಯಾರಿಗೆ ಎಷ್ಟು ಕೊಟ್ಟರು ಅಂತ ಬರೆದಿಡಲಿಲ್ಲ, ಜಗಳವಾಯಿತು.

ಹಾಗಾದರೆ ಬಿ.ಕಾಂ.ಗೆ ಯಾಕೆ ಐದಲ್ಲ? ಓದು ಬರಲಿಲ್ಲ. ಡಿಗ್ರಿಯಲ್ಲಿ ನಾನು ಒಂದು ನಾಟಕ ಓದಿಲ್ಲ. ಹೆಗ್ಗೋಡಿನಲ್ಲಿ ಮೊದಲ ಎರಡು ತಿಂಗಳು ಬೇರೆಯವರು ಗ್ರೀಕ್ ನಾಟಕ, ಸಂಸ್ಕೃತ ನಾಟಕ ಅಂತ ಮಾತಾಡುವಾಗ ಸುಮ್ನೆ ತಲೆ ಆಡಿಸಿದೆ. ರಾತ್ರಿ ಲೈಬ್ರರಿಯಲ್ಲಿ ಕೂತು ಓದಿದೆ. ಈಗಲೂ ಒಂದು ಹೊಸ ಪಠ್ಯ ಕೈಗೆ ಬಂದರೆ, ಸಾಹಿತ್ಯ ಓದಿದ ನಮ್ಮ ಲೈಟಿನವಳು ಒಂದೇ ಓದಿನಲ್ಲಿ ಹಿಡಿಯುವುದು ನನಗೆ ಮೂರನೇ ಓದಿಗೆ ಸಿಗುತ್ತದೆ. ಇವಳು ಪಿಯುಸಿಯಲ್ಲೇ ಲೆಕ್ಕ ಕಲಿತಿದ್ದಾಳೆ, ಮಂಡಿ ಅಜ್ಜನದೇ. ಇನ್ನೂ ಮೂರು ವರ್ಷ ಅದನ್ನೇ ಯಾಕೆ ಓದಬೇಕು? ಅದಕ್ಕೆ ನನ್ನ ಸಲಹೆ ಬಿ.ಎ. ಐಚ್ಛಿಕ ಕನ್ನಡ ಅಥವಾ ಇಂಗ್ಲಿಷ್, ಜೊತೆಗೆ ಇತಿಹಾಸ ಇಲ್ಲವೇ ಮನಃಶಾಸ್ತ್ರ. ಬೆಂಗಳೂರಿನ ಕೆಲವು ಕಾಲೇಜುಗಳಲ್ಲಿ ಬಿ.ಎ.ಯಲ್ಲೇ ರಂಗಭೂಮಿ ಒಂದು ವಿಷಯ. ಫೀಸು ಭಾವನ ಕೈಗೆ ಎಟುಕುವುದಿಲ್ಲ, ಆ ದುಡ್ಡಿನಲ್ಲಿ ಮೂರು ವರ್ಷ ಊರೂರು ಸುತ್ತಿ ನಾಟಕ ನೋಡಬಹುದು. ತುಮಕೂರಿನಲ್ಲೇ ಓದಲಿ. ರೈಲು ಹತ್ತಿದರೆ ಬೆಂಗಳೂರು, ಅಲ್ಲಿ ನಾಟಕ ನೋಡಲು ರವೀಂದ್ರ ಕಲಾಕ್ಷೇತ್ರ, ಜೆ.ಪಿ. ನಗರದ ರಂಗಶಂಕರ. ಯಾವುದಾದರೂ ತಂಡದಲ್ಲಿ ಬ್ಯಾಕ್‌ಸ್ಟೇಜ್ ಮಾಡಲಿ, ಮಾಡಿದ್ದಕ್ಕೆಲ್ಲ ಕರಪತ್ರ, ಪತ್ರ ಇಟ್ಟುಕೊಳ್ಳಲಿ, ದೆಹಲಿಗೆ ಅರ್ಜಿ ಹಾಕುವಾಗ ಬೇಕಾಗುತ್ತದೆ. 21ಕ್ಕೆ ಹೆಗ್ಗೋಡೋ, ಸಾಣೇಹಳ್ಳಿಯೋ, ಮೈಸೂರೋ. ಆಮೇಲೂ ಹುಚ್ಚು ಇಳಿಯದಿದ್ದರೆ ದೆಹಲಿ.

ಭಾವ ಎಲ್ಲ ಕೇಳಿದರು. "ಒಟ್ಟು ಎಷ್ಟು ವರ್ಷ ಆಯ್ತು ಹಾಗಾದ್ರೆ?" ಎಣಿಸಿ ಹೇಳಿದೆ, ಏಳು. "ಡಾಕ್ಟ್ರು ಓದಿದ ಹಾಗಾಯ್ತಲ್ಲ" ಅಂದು ಫೋನನ್ನು ಅಕ್ಕನಿಗೆ ಕೊಟ್ಟರು. ಅಕ್ಕ ಕೇಳಿದ್ದು ಒಂದೇ, ಹಾಸ್ಟೆಲಿನಲ್ಲಿ ಊಟ ಹೇಗಿರುತ್ತೆ ಅಂತ.

ಬಿ.ಎ. ಅರ್ಜಿ ಹಾಕಿದ್ದಾರೆ. ಸೀಟಿನ ಪಟ್ಟಿ ಇನ್ನೂ ಬಂದಿಲ್ಲ. ಅಲ್ಲಿವರೆಗೆ ಇವಳು ನಮ್ಮ ತಾಲೀಮಿಗೆ ಬರುತ್ತಿದ್ದಾಳೆ. ಮೊದಲ ಭಾನುವಾರ ಖಾತೆ ಪುಸ್ತಕ ಅವಳ ಕೈಗೆ ಕೊಟ್ಟು, ಯಾರು ಬಂದರು ಯಾರು ಹೋದರು ಬರಿ ಅಂದೆ. ಎರಡು ಗಂಟೆ ಆದ ಮೇಲೆ ನೋಡಿದರೆ ಗೋಡೆಗೆ ಒರಗಿ ನಿದ್ದೆ. ಪುಟದ ಕೆಳಗೆ ಶಿಲ್ಕಿನಲ್ಲಿ ಇಬ್ಬರು ಸೈನಿಕರು, ಒಂದು ಕೊಡ ಉಳಿದಿದ್ದರು. ಎಬ್ಬಿಸಿ ತೋರಿಸಿದೆ. ಕಣ್ಣುಜ್ಜಿಕೊಂಡು, "ಚಿಕ್ಕಮ್ಮ, ಸೈನಿಕರನ್ನ ನಾನು ಮರೆತೆ. ಕೊಡ ಮಾತ್ರ ನಿಜವಾಗಿ ಅಲ್ಲೇ ಉಳಿದಿದೆ, ನೋಡಿ ಬೇಕಾದ್ರೆ" ಅಂದಳು. ಹೋಗಿ ನೋಡಿದೆ. ಉಳಿದಿತ್ತು.